ರೈತನ ಬಾಗಿಲಿಗೆ ಬಂದ ವಿದ್ಯಾಲಯ

ರೈತ ಕಾಲೇಜಿಗೆ ಬರಲಾರ. ಕಾಲೇಜೇ ಅವನ ಬಳಿಗೆ ಹೋದರೆ? ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಕಪ್ಪುಜನರಿಗಾಗಿ ಸ್ಥಾಪಿತವಾಗಿದ್ದ ಟಸ್ಕೀಗಿ ವಿದ್ಯಾಸಂಸ್ಥೆ 1906ರಲ್ಲಿ ಈ ಪ್ರಶ್ನೆಗೆ ಒಂದು ಬಂಡಿಯ ಮೂಲಕ ಉತ್ತರ ನೀಡಿತು.

ದಾನಿ ಮಾರಿಸ್ ಜೆಸಪ್ ಹೆಸರಿನ ಆ ಬಂಡಿಯ ರೂಪುರೇಷೆ ಸಸ್ಯವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರದು. ನೇಗಿಲು, ಬಿತ್ತನೆ ಬೀಜ, ಬೆಣ್ಣೆ ಕಡೆಯುವ ಸಾಧನಗಳೊಂದಿಗೆ ಅದನ್ನು ಹಳ್ಳಿಗಳಿಗೆ ಒಯ್ದವರು ಥಾಮಸ್ ಕ್ಯಾಂಪ್‌ಬೆಲ್. ಅಲ್ಲಿ ಹತ್ತಿಯೊಂದನ್ನೇ ಬೆಳೆದು ನೆಲ ಸೊರಗಿತ್ತು, ಗೇಣಿದಾರರೂ ಸೊರಗಿದ್ದರು. ಕಡಲೆಕಾಯಿ, ಅಲಸಂದೆ ಬೆಳೆದರೆ ಮಣ್ಣಿಗೆ ಸಾರಜನಕ, ಮನೆಮಂದಿಗೆ ಪೌಷ್ಟಿಕ ಆಹಾರ ಎಂಬುದು ಕಾರ್ವರ್ ಬೋಧನೆಯ ತಿರುಳು.

1914ರ ಸ್ಮಿತ್-ಲೀವರ್ ಕಾಯ್ದೆ ಇಂಥ ವಿಸ್ತರಣಾ ಕಾರ್ಯವನ್ನು ದೇಶವ್ಯಾಪಿಗೊಳಿಸಿತು. ಕೃಷಿ, ಗೃಹವಿಜ್ಞಾನದ ಜೊತೆಗೆ ಮಕ್ಕಳ ‘4-ಎಚ್’ ಕ್ಲಬ್ಬುಗಳೂ ಅದರಡಿ ಬೆಳೆದವು. ಆದರೆ ಹಣ ಯಾವ ಕಾಲೇಜಿಗೆಂದು ತೀರ್ಮಾನಿಸುವ ಅಧಿಕಾರ ರಾಜ್ಯಗಳಿಗಿತ್ತು. ದಕ್ಷಿಣದಲ್ಲಿ ಅದು ಬಿಳಿಯರ ಕಾಲೇಜುಗಳ ಪಾಲಾಯಿತು. ದಾರಿ ತೋರಿದ ಟಸ್ಕೀಗಿಯಂಥ ಸಂಸ್ಥೆಗಳಿಗೆ ವಿಸ್ತರಣೆಗಾಗಿ ಕೇಂದ್ರದ ನೇರ ಅನುದಾನ ಕಾಯ್ದೆಬದ್ಧವಾದದ್ದು 1977ರಲ್ಲಿ.

1964ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯವೂ ಬೋಧನೆ, ಸಂಶೋಧನೆ, ವಿಸ್ತರಣೆ ಒಂದೇ ಸೂರಿನಡಿ ಇರುವ ಇದೇ ಅಮೆರಿಕನ್ ಮಾದರಿಯದು. ಬಂಡಿ ಯಾರ ಹೊಲದ ಬದಿಯಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ.