ಪಿನ್‌ಬಾಲ್ ಯಂತ್ರದ ಬೆಳಕು: ತಂತುವಿನ ಬಲ್ಬಿನಿಂದ ಬಣ್ಣ ಬದಲಿಸುವ ಎಲ್‌ಇಡಿಯವರೆಗೆ

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕೆಲವು ಸದಸ್ಯ ಕುಟುಂಬಗಳ ನೆಲಮಾಳಿಗೆಗಳಲ್ಲಿ ಹಳೆಯ ಪಿನ್‌ಬಾಲ್ ಯಂತ್ರಗಳು ಬಂದು ನಿಂತಿವೆ. ನಮ್ಮ ಮನೆಯಲ್ಲಿಯೂ 1990ರ ದಶಕದ ಯಂತ್ರವೊಂದಿದೆ. ಅದನ್ನು ತಂದ ವಾರದಲ್ಲಿಯೇ, ಇದರ ಬೆಳಕು ಇಷ್ಟೊಂದು ಮಂಕೇಕೆ, ಬಣ್ಣ ಬದಲಿಸುವ ಎಲ್‌ಇಡಿ ದೀಪಗಳನ್ನು ಹಾಕೋಣವೇ ಎಂದು ಮಕ್ಕಳು ಕೇಳತೊಡಗಿದರು. ಸುಲಭವೆಂದು ತೋರಿದ ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಗಬೇಕಾದರೆ ಈ ಯಂತ್ರಕ್ಕೆ ಬೆಳಕು ಬಂದ ಕಥೆಯನ್ನೇ ಅರಿಯಬೇಕಾಯಿತು.

ಪಿನ್‌ಬಾಲಿನ ಮೂಲ 18ನೆಯ ಶತಮಾನದ ಫ್ರಾನ್ಸಿನ ಬ್ಯಾಗಟೆಲ್ ಆಟ. ಮೇಜಿನ ಮೇಲೆ ಮೊಳೆಗಳ ನಡುವೆ ಕೋಲಿನಿಂದ ಚೆಂಡನ್ನು ತಳ್ಳಿ ಕುಳಿಗಳಿಗೆ ಬೀಳಿಸುವ ಆಟವದು. ಇಂಗ್ಲೆಂಡಿನಿಂದ ಬಂದು ಒಹಾಯೋದ ಸಿನ್ಸಿನಾಟಿಯಲ್ಲಿ ನೆಲೆಸಿದ್ದ ಮಾಂಟೆಗ್ಯೂ ರೆಡ್‌ಗ್ರೇವ್ 1871ರಲ್ಲಿ ಕೋಲಿನ ಬದಲು ಸ್ಪ್ರಿಂಗ್ ಅಳವಡಿಸಿದ ಪ್ಲಂಜರಿಗೆ ಪೇಟೆಂಟ್ ಪಡೆದರು. ಮೊಳೆ ಹೊಡೆದ ಹಲಗೆಯ ಮೇಲೆ ಗೋಲಿ ಚಿಮ್ಮಿಸುವ ಆಟಿಕೆಯನ್ನು ನಮ್ಮಲ್ಲಿ ಹಲವರು ಬಾಲ್ಯದಲ್ಲಿ ಊರಿನಲ್ಲಿ ಆಡಿರಬಹುದು. ಅದೂ ಇದೇ ಬ್ಯಾಗಟೆಲ್ ವಂಶದ್ದೇ. ಅದಕ್ಕೆ ದೀಪವಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

1931ರಲ್ಲಿ ಡೇವಿಡ್ ಗಾಟ್ಲೀಬ್ ಅವರ 'ಬ್ಯಾಫಲ್ ಬಾಲ್' ಮಾರುಕಟ್ಟೆಗೆ ಬಂದಾಗಲೂ ಅದರಲ್ಲಿ ವಿದ್ಯುತ್ತಿರಲಿಲ್ಲ. ಎರಡು ವರ್ಷಗಳ ಅನಂತರ ಹ್ಯಾರಿ ವಿಲಿಯಮ್ಸ್ 'ಕಾಂಟ್ಯಾಕ್ಟ್' ಎಂಬ ಯಂತ್ರಕ್ಕೆ ಬ್ಯಾಟರಿಯನ್ನು ಜೋಡಿಸಿದರು. ಕುಳಿಗೆ ಬಿದ್ದ ಚೆಂಡನ್ನು ವಿದ್ಯುತ್ತು ಹೊರಗೆ ಒದೆಯತೊಡಗಿತು, ಗಂಟೆ ಬಾರಿಸಿತು. ಆ ದಶಕ ಮುಗಿಯುವುದರೊಳಗೆ ಬ್ಯಾಟರಿಯ ಜಾಗಕ್ಕೆ ಟ್ರಾನ್ಸ್‌ಫಾರ್ಮರ್ ಬಂದಿತು. ಎದುರಿಗೆ ನೆಟ್ಟಗೆ ನಿಂತ ಚಿತ್ರದ ಗಾಜಿನ ಹಿಂದೆ ಪುಟ್ಟ ಬಲ್ಬುಗಳು ಉರಿದವು. ಆಟಗಾರನ ಅಂಕಗಳನ್ನು ತೋರಿಸುವ ಕೆಲಸವನ್ನೂ ಬೆಳಕೇ ವಹಿಸಿಕೊಂಡಿತು.

ಆದರೆ ನಾಣ್ಯ ನುಂಗುವ ಈ ಯಂತ್ರವನ್ನು ನಗರಾಡಳಿತಗಳು ಜೂಜೆಂದೇ ಕಂಡವು. 1942ರ ಜನವರಿಯಲ್ಲಿ ನ್ಯೂಯಾರ್ಕ್ ನಗರ ಪಿನ್‌ಬಾಲನ್ನು ನಿಷೇಧಿಸಿತು. ವಶಪಡಿಸಿಕೊಂಡ ಯಂತ್ರಗಳನ್ನು ಮೇಯರ್ ಫಿಯೊರೆಲ್ಲೊ ಲಾ ಗಾರ್ಡಿಯಾ ಅವರು ಸುತ್ತಿಗೆಯಿಂದ ಒಡೆಯುವ ಛಾಯಾಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ತಯಾರಿಕೆಯ ಕೇಂದ್ರವಾಗಿದ್ದ ಷಿಕಾಗೋ ನಗರದಲ್ಲಿಯೇ ಬಹುಕಾಲ ನಿಷೇಧವಿತ್ತು.

ಆಗಿನ ಯಂತ್ರಗಳಲ್ಲಿ ಚೆಂಡನ್ನು ಚಿಮ್ಮಿಸಿದ ಮೇಲೆ ಯಂತ್ರವನ್ನು ಅಲುಗಿಸುವುದಲ್ಲದೆ ಆಟಗಾರನು ಮಾಡಬಹುದಾದುದು ಹೆಚ್ಚೇನೂ ಇರಲಿಲ್ಲ. 1947ರಲ್ಲಿ ಗಾಟ್ಲೀಬ್ ಕಂಪನಿಯ 'ಹಂಪ್ಟಿ ಡಂಪ್ಟಿ' ಯಂತ್ರಕ್ಕೆ ಹ್ಯಾರಿ ಮ್ಯಾಬ್ಸ್ ಆರು ಫ್ಲಿಪ್ಪರುಗಳನ್ನು ಇಟ್ಟಾಗ ಸ್ಥಿತಿ ಬದಲಾಯಿತು. ಚೆಂಡನ್ನು ತಿರುಗಿ ಹೊಡೆಯುವ ಕೈ ಆಟಗಾರನಿಗೆ ದೊರೆಯಿತು. ಎಲ್ಲಿಗೆ ಹೊಡೆಯಬೇಕೆಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ. ಅದಕ್ಕೆ ಉತ್ತರ ಹೇಳತೊಡಗಿದ್ದು ಬೆಳಕು. ಹಲಗೆಯಲ್ಲಿ ಕೂರಿಸಿದ ಬಣ್ಣದ ಬಿಲ್ಲೆಯ ಕೆಳಗೆ ಬಲ್ಬು ಉರಿದರೆ, ಈಗ ಈ ಗುರಿಗೆ ಬೆಲೆಯಿದೆ ಎಂದರ್ಥ. ಹೀಗೆ ಬೆಳಕು ಪಿನ್‌ಬಾಲಿನ ಅಲಂಕಾರವಾಗಿ ಉಳಿಯದೆ ಅದರ ಭಾಷೆಯಾಯಿತು.

1976ರಲ್ಲಿ ರೋಜರ್ ಶಾರ್ಪ್ ನ್ಯೂಯಾರ್ಕಿನ ನಗರಸಭೆಯ ಸಮಿತಿಯೆದುರು ಆಡಿ ತೋರಿಸಿದ್ದೂ ಗುರಿಯ ಮಾತನ್ನೇ. ಚೆಂಡು ಯಾವ ಓಣಿಯಲ್ಲಿ ಇಳಿಯುವುದೆಂದು ಮೊದಲೇ ಹೇಳಿ, ಪ್ಲಂಜರನ್ನು ಅಳೆದು ಎಳೆದು, ಹೇಳಿದ ಓಣಿಯಲ್ಲಿಯೇ ಅವರು ಅದನ್ನು ಇಳಿಸಿದರು. ಇದು ಅದೃಷ್ಟದಾಟವಲ್ಲ, ಕೌಶಲದಾಟ ಎಂಬ ವಾದ ಗೆದ್ದಿತು. ಮೂವತ್ತನಾಲ್ಕು ವರ್ಷಗಳ ನಿಷೇಧ ತೆರವಾಯಿತು.

ಇಷ್ಟು ಕಾಲವೂ ಯಂತ್ರದೊಳಗೆ ಉರಿಯುತ್ತಿದ್ದುದು ಬಿಸಿಯಾದ ತಂತುವಿನ ಹಳದಿ ಬೆಳಕು. 44ನೆಯ ಸಂಖ್ಯೆಯ ಬಲ್ಬು 6.3 ವೋಲ್ಟಿನಲ್ಲಿ 0.25 ಆಂಪಿಯರ್ ಎಳೆಯುತ್ತದೆ. ಅಂಥ 40 ಬಲ್ಬುಗಳು ಒಟ್ಟಿಗೆ ಉರಿದರೆ 10 ಆಂಪಿಯರ್. ಆ ಶಾಖಕ್ಕೆ ಗಾಜಿನ ಹಿಂಬದಿಯ ಬಣ್ಣ ಹಪ್ಪಳದಂತೆ ಎದ್ದು ಉದುರುತ್ತದೆ. ಆ ವಿದ್ಯುತ್ತಿಗೆ ತಂತಿಗಳ ಕನೆಕ್ಟರುಗಳು ಕರಿಕಾಗುತ್ತವೆ. 0.15 ಆಂಪಿಯರಿನ 47ನೆಯ ಸಂಖ್ಯೆಯ ಬಲ್ಬನ್ನು ಹಲವರು ಬಳಸಿದ್ದು ಇದೇ ಕಾರಣಕ್ಕೆ.

ಎಲ್‌ಇಡಿಯ ಕಥೆ ಬೇರೆಡೆ ಸಾಗುತ್ತಿತ್ತು. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ನಿಕ್ ಹೊಲೊನ್ಯಾಕ್ 1962ರಲ್ಲಿ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ರೂಪಿಸಿದರು. ಪ್ರಖರವಾದ ನೀಲಿ ಬಣ್ಣಕ್ಕೆ ಮಾತ್ರ 1990ರ ದಶಕದವರೆಗೆ ಕಾಯಬೇಕಾಯಿತು. ಅದನ್ನು ಸಾಧಿಸಿದ ಜಪಾನಿನ ಅಕಸಾಕಿ, ಅಮಾನೊ ಮತ್ತು ಅಲ್ಲಿಯೇ ಹುಟ್ಟಿದ ನಕಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಸಂದಿತು. ಕೆಂಪು, ಹಸಿರು, ನೀಲಿ ಒಂದೇ ದೀಪದಲ್ಲಿ ಸೇರಿದಾಗ, ಪ್ರತಿಯೊಂದಕ್ಕೂ 256 ಮಟ್ಟಗಳಂತೆ, 1.67 ಕೋಟಿಗೂ ಹೆಚ್ಚು ಬಣ್ಣಗಳು ಸಾಧ್ಯವಾದವು. 2013ರಲ್ಲಿ ಜರ್ಸಿ ಜ್ಯಾಕ್ ಪಿನ್‌ಬಾಲ್ ಕಂಪನಿಯ 'ದಿ ವಿಝಾರ್ಡ್ ಆಫ್ ಆಝ್' ಇಂಥ ದೀಪಗಳೊಡನೆಯೇ ಹೊರಬಂದಿತು. ಹಳೆಯ ಯಂತ್ರಗಳ ಒಡೆಯರಿಗೂ ಆ ಆಸೆ ಹತ್ತಿತು.

ನಮಗೂ ಹತ್ತಿತು. ಬಿಲ್ಲೆಗಳ ಕೆಳಗಿನ ಬಲ್ಬುಗಳನ್ನು ತೆಗೆದು ಅಗ್ಗದ ಎಲ್‌ಇಡಿಗಳನ್ನು ಸಿಕ್ಕಿಸಿದೆವು. ಅಂಚುಗಳಲ್ಲಿ ಬಣ್ಣ ಬದಲಿಸುವ ಪಟ್ಟಿಯನ್ನು ಅಂಟಿಸಿದೆವು. ಆರಬೇಕಾದ ದೀಪಗಳು ಪೂರ್ತಿ ಆರಲಿಲ್ಲ, ಉರಿಯಬೇಕಾದವು ಅದುರಿದವು. ಕಾರಣ ಆಮೇಲೆ ತಿಳಿಯಿತು. ಆ ಕಾಲದ ಅನೇಕ ಯಂತ್ರಗಳಲ್ಲಿ 8 ಕಂಬಸಾಲು, 8 ಅಡ್ಡಸಾಲುಗಳಲ್ಲಿ 64 ದೀಪಗಳಿರುತ್ತವೆ. ವಿದ್ಯುತ್ತು ಒಂದೊಂದು ಕಂಬಸಾಲಿಗೂ ಸರದಿಯಂತೆ ಕ್ಷಣಮಾತ್ರ ಹರಿಯುತ್ತದೆ. ತಂತುವು ಸರದಿಗಳ ನಡುವೆ ಬಿಸಿಯನ್ನು ಉಳಿಸಿಕೊಂಡು ಬೆಳಗುತ್ತಿರುತ್ತದೆ. ಎಲ್‌ಇಡಿಗೆ ಆ ತಾಳ್ಮೆಯಿಲ್ಲ. ಅದು ತಟ್ಟನೆ ಆರುತ್ತದೆ. ತಂತುವನ್ನು ಬಿಸಿ ಮಾಡಲಾರದ ಅಲ್ಪ ಸೋರಿಕೆಗೂ ಮಿನುಗುತ್ತದೆ.

ದೊಡ್ಡ ತಪ್ಪನ್ನು ತೋರಿಸಿಕೊಟ್ಟವರು ಊರಿನಿಂದ ಬಂದಿದ್ದ ಮಾವನವರು. ಮೊಮ್ಮಕ್ಕಳ ಜೊತೆ ಎರಡು ಆಟ ಆಡಿ ಅವರು ಕೇಳಿದರು: "ಎಲ್ಲಾ ಕಡೆ ದೀಪ ಕುಣೀತಿದ್ರೆ ಎಲ್ಲಿಗೆ ಹೊಡೀಬೇಕು ಅಂತ ಗೊತ್ತಾಗೋದು ಹೇಗಪ್ಪಾ?" ಯಂತ್ರದ ಮಾತು ನಮ್ಮ ಗದ್ದಲದಲ್ಲಿ ಮುಳುಗಿಹೋಗಿತ್ತು.

ಆಮೇಲೆ ಎಲ್ಲವನ್ನೂ ಬಿಚ್ಚಿ ಮತ್ತೆ ತೊಡಗಿದೆವು. ಬಿಲ್ಲೆಗಳಿಗೆ, ಮಿನುಗು ತಡೆಯಲೆಂದೇ ತಯಾರಾದ ಎಲ್‌ಇಡಿಗಳನ್ನು ಬಿಲ್ಲೆಯ ಬಣ್ಣಕ್ಕೆ ಹೊಂದುವಂತೆ ಹಾಕಿದೆವು. ಚಿತ್ರದ ಗಾಜಿನ ಹಿಂದೆ ಹಳದಿ ಛಾಯೆಯ ಬಿಳಿ ದೀಪಗಳನ್ನಿಟ್ಟೆವು. ಕಲಾವಿದರು ಆ ಬಣ್ಣಗಳನ್ನು ಆರಿಸಿದ್ದು ತಂತುವಿನ ಬೆಳಕಿಗಾಗಿ. ಬಣ್ಣ ಬದಲಿಸುವ ಪಟ್ಟಿ ಯಂತ್ರದ ಹೊಟ್ಟೆಯ ಕೆಳಕ್ಕೆ ಇಳಿಯಿತು. ಈಗ ಅದು ನೆಲಕ್ಕೆ ಮಾತ್ರ ಬಣ್ಣ ಚೆಲ್ಲುತ್ತದೆ. ಅಂಥ ಒಂದು ದೀಪ ಪೂರ್ಣ ಬಿಳಿಯಾಗಿ ಉರಿದರೆ ಸುಮಾರು 60 ಮಿಲಿಆಂಪಿಯರ್ ಬೇಕು; 60 ದೀಪಗಳಿಗೆ 3.6 ಆಂಪಿಯರ್. ಅದನ್ನು ಯಂತ್ರದ ಹಳೆಯ ತಂತಿಗಳಿಂದ ಕದಿಯದೆ ಪ್ರತ್ಯೇಕ 5 ವೋಲ್ಟಿನ ಅಡಾಪ್ಟರಿನಿಂದ ಕೊಟ್ಟೆವು. ಇಂಥ ಕೆಲಸಕ್ಕೆ ಕೈಹಾಕುವವರು ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರಬಹುದೆಂಬುದನ್ನು ಮರೆಯಬಾರದು. ನಿಗದಿಗಿಂತ ಹೆಚ್ಚಿನ ಫ್ಯೂಸನ್ನು ಎಂದಿಗೂ ಹಾಕಬಾರದು.

ಒಂದು ತಂತಿಯನ್ನೂ ನಾವು ಕತ್ತರಿಸಲಿಲ್ಲ. ಯಂತ್ರಕ್ಕೆ ತಲೆಮಾರುಗಳುದ್ದಕ್ಕೂ ಹೊಸ ಬೆಳಕು ಬಂದಿದೆ. ನಾವು ತಂದದ್ದೂ ಕೊನೆಯದಲ್ಲ. ಮುಂದಿನವರಿಗೆ ಹಿಂದಿರುಗುವ ದಾರಿ ತೆರೆದಿರಬೇಕು. ತೆಗೆದ ಬಲ್ಬುಗಳನ್ನು ಕಾಗದದಲ್ಲಿ ಸುತ್ತಿ, ಯಾವುದು ಎಲ್ಲಿಯದೆಂದು ಬರೆದು, ಯಂತ್ರದೊಳಗಿನ ನಾಣ್ಯದ ಪೆಟ್ಟಿಗೆಯಲ್ಲಿಯೇ ಇಟ್ಟಿದ್ದೇವೆ. ಚೀಟಿಯನ್ನು ಬರೆದವಳು ಮಗಳು, ಕನ್ನಡದಲ್ಲಿ.