ಅಧ್ಯಕ್ಷ: ಮೇಲಿಟ್ಟ ಕಣ್ಣು

ಖಾನಾಪುರ ತಾಲ್ಲೂಕಿನ ಗ್ರಾಮ ಪಂಚಾಯ್ತಿಯಲ್ಲಿ ಕೂತವರು ‘ಅಧ್ಯಕ್ಷರು’. ಗಡಿ ದಾಟಿ ಗೋವಾದ ಹಳ್ಳಿಗೆ ಕಾಲಿಟ್ಟರೆ ಅದೇ ಕುರ್ಚಿಯಲ್ಲಿರುವವರು ‘ಸರಪಂಚ’. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಶಾಸಕರು ಮಾತೆತ್ತುವುದೇ ‘ಸಭಾಧ್ಯಕ್ಷರೇ’ ಎಂದು. ಪತ್ರಿಕೆಯ ವಿದೇಶ ಪುಟ ತೆರೆದರೆ ಅಲ್ಲಿ ದಕ್ಷಿಣ ಕೊರಿಯಾದ ‘ಅಧ್ಯಕ್ಷ’. ನಳದ ನೀರಿನ ದೂರು ಕೇಳುವವರಿಗೂ ಒಂದು ದೇಶದ ಸೇನೆಯನ್ನೇ ನಡೆಸುವವರಿಗೂ ನಾವು ಇಟ್ಟುಕೊಂಡದ್ದು ಒಂದೇ ಪದ.

‘ಅಧಿ’ ಎಂದರೆ ಮೇಲೆ, ‘ಅಕ್ಷ’ ಎಂದರೆ ಕಣ್ಣು. ಪ್ರೆಸಿಡೆಂಟ್ ಎಂಬುದರ ಲ್ಯಾಟಿನ್ ಮೂಲ ‘ಮುಂದೆ ಕೂರುವವನು’. ನಮ್ಮ ಅಧ್ಯಕ್ಷ ‘ಮೇಲೆ ಕಣ್ಣಿಟ್ಟವನು’. ಋಗ್ವೇದದ ನಾಸದೀಯ ಸೂಕ್ತದಲ್ಲಿ ಪರಮ ವ್ಯೋಮದಿಂದ ಸೃಷ್ಟಿಯನ್ನು ನೋಡುವವನು ಅಧ್ಯಕ್ಷ. ಕೌಟಿಲ್ಯ ಆ ಪದವನ್ನು ನೆಲಕ್ಕಿಳಿಸಿದ. ಅರ್ಥಶಾಸ್ತ್ರದ ಎರಡನೆಯ ಅಧಿಕರಣದ ಹೆಸರೇ ‘ಅಧ್ಯಕ್ಷಪ್ರಚಾರ’. ಬೇಸಾಯಕ್ಕೆ ಸೀತಾಧ್ಯಕ್ಷ, ನೂಲಿಗೆ ಸೂತ್ರಾಧ್ಯಕ್ಷ, ಕಾಡಿನ ಹುಟ್ಟುವಳಿಗೆ ಕುಪ್ಯಾಧ್ಯಕ್ಷ. ಇವರಾರೂ ಒಡೆಯರಲ್ಲ, ಲೆಕ್ಕ ಒಪ್ಪಿಸಬೇಕಾದವರು. ಇವರ ನಡತೆಯನ್ನೂ ಪರೀಕ್ಷಿಸುತ್ತಿರಬೇಕೆಂದು ಅದೇ ಗ್ರಂಥ ವಿಧಿಸುತ್ತದೆ.

ಒಡೆತನದ ಪದ ಬೇರೆ, ಅದು ‘ಪತಿ’. ‘ಸೇನಾಪತಿ’ಯಲ್ಲಿರುವುದೂ ಅದೇ. ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಸಿಕ್ಕ ಕದಂಬ ಕಾಕುಸ್ಥವರ್ಮನ ತಾಮ್ರಶಾಸನ, ಶ್ರುತಕೀರ್ತಿ ಎಂಬ ಸೇನಾಪತಿಗೆ ಕೊಟ್ಟ ದತ್ತಿಯನ್ನು ಹೇಳುತ್ತದೆ.

ಅಧ್ಯಕ್ಷ, ಪತಿ ಎರಡೂ ಒಬ್ಬರಿಗೇ ಸಂದ ಕಾಲವೂ ಇತ್ತು. 1924ರ ಡಿಸೆಂಬರ್ 26-27ರಂದು ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ 39ನೆಯ ಅಧಿವೇಶನ ಸೇರಿತು. ಗಾಂಧೀಜಿ ಕಾಂಗ್ರೆಸ್ ಅಧ್ಯಕ್ಷರಾದದ್ದು ಅದೊಂದೇ ಸಲ. ಸ್ವಾತಂತ್ರ್ಯ ಹೋರಾಟದ ಆ ದಿನಗಳಲ್ಲಿ ಕಾಂಗ್ರೆಸ್ ಅಧ್ಯಕ್ಷರನ್ನು ಜನ ‘ರಾಷ್ಟ್ರಪತಿ’ ಎಂದೂ ಕರೆಯುತ್ತಿದ್ದರು. 1937ರಲ್ಲಿ ನೆಹರೂ ಅದೇ ತಲೆಬರಹದ ಲೇಖನ ಬರೆದು, ತಮ್ಮೊಳಗೇ ಸರ್ವಾಧಿಕಾರಿಯ ಲಕ್ಷಣಗಳಿವೆ ಎಂದು ದೇಶವನ್ನು ಎಚ್ಚರಿಸಿದರು. ಹಾಕಿದ ಗುಪ್ತನಾಮ ‘ಚಾಣಕ್ಯ’. 1950ರಿಂದ ‘ರಾಷ್ಟ್ರಪತಿ’ ನಮ್ಮ ಗಣರಾಜ್ಯದ ಮುಖ್ಯಸ್ಥರಿಗೆ ಮೀಸಲಾಯಿತು. ಹೊರದೇಶದ ಪ್ರೆಸಿಡೆಂಟರಿಗೆ ಕನ್ನಡದಲ್ಲಿ ‘ಅಧ್ಯಕ್ಷ’ ಉಳಿಯಿತು, ಅಂಥವರು ಆಳುವ ಬಗೆಗೆ ‘ಅಧ್ಯಕ್ಷೀಯ ಪದ್ಧತಿ’ ಎಂಬ ಹೆಸರೂ ಹುಟ್ಟಿತು.

ನಮ್ಮ ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯುವವರು. ಕೊರಿಯಾದ ಅಧ್ಯಕ್ಷರು ರಾಷ್ಟ್ರಕ್ಕೂ ಹೌದು, ಸರ್ಕಾರಕ್ಕೂ ಹೌದು, ತಾವೇ ಮುಖ್ಯಸ್ಥರು. ಅಲ್ಲಿನ 1987ರ ಸಂವಿಧಾನದಂತೆ ಜನರೇ ನೇರವಾಗಿ ಆರಿಸುತ್ತಾರೆ. ಅವಧಿ ಐದು ವರ್ಷ, ಅದೂ ಒಂದೇ ಸಲ. ಕೊರಿಯನ್ನರು ಆ ಹುದ್ದೆಯನ್ನು ‘ದೇತೊಂಗ್‌ನ್ಯೊಂಗ್’ ಎನ್ನುತ್ತಾರೆ. ಅದರಲ್ಲಿ ಹಿರಿಮೆ ಇದೆ, ಆಳ್ವಿಕೆ ಇದೆ, ಕಣ್ಣು ಇಲ್ಲ.

ಬೆಳಗಾವಿ ಅಧಿವೇಶನಕ್ಕೆ ನೂರು ತುಂಬಿದ ತಿಂಗಳಲ್ಲೇ, 2024ರ ಡಿಸೆಂಬರ್ 3ರ ರಾತ್ರಿ, ಕೊರಿಯಾ ಅಧ್ಯಕ್ಷ ಯೂನ್ ಸುಕ್ ಯೋಲ್ ಸೇನಾಡಳಿತ ಘೋಷಿಸಿದರು. ಅಲ್ಲಿನ ಸಂಸತ್ತಿನ ಸಭಾಧ್ಯಕ್ಷ ವೂ ವಾನ್-ಶಿಕ್ ಬೇಲಿ ಹಾರಿ ಒಳಗೆ ಹೋದರು. ಒಟ್ಟು 300 ಸದಸ್ಯರಲ್ಲಿ ಸೇರಲು ಸಾಧ್ಯವಾದ 190 ಮಂದಿ ಒಮ್ಮತದಿಂದ ಸೇನಾಡಳಿತ ಬೇಡವೆಂದರು. 2025ರ ಏಪ್ರಿಲ್ 4ರಂದು ಸಂವಿಧಾನ ನ್ಯಾಯಾಲಯ ಯೂನ್ ಅವರನ್ನು ಹುದ್ದೆಯಿಂದ ತೆಗೆಯಿತು.

ಅಧ್ಯಕ್ಷನ ಮೇಲೆ ಕಣ್ಣಿಟ್ಟವರು ಆ ರಾತ್ರಿ ನಿದ್ದೆ ಮಾಡಲಿಲ್ಲ. ಕೊರಿಯಾದಲ್ಲಾಗಲಿ ಖಾನಾಪುರದ ಹಳ್ಳಿಯಲ್ಲಾಗಲಿ, ನಾವು ಆರಿಸಿ ಕೂರಿಸಿದವರಿಗೆ ಕೊಟ್ಟಿರುವುದು ನಮ್ಮದೇ ಕಣ್ಣು. ಅದು ಪತಿಯ ಕಣ್ಣಾಗದಂತೆ ನೋಡಿಕೊಳ್ಳುವ ಕೆಲಸ ಕೊಟ್ಟವರದೇ.