ನೇಟಿವ್ ಎಂಬ ಪದದ ಕಥೆ

ಮೂವತ್ತು ವರ್ಷಕ್ಕೂ ಮಿಗಿಲಾಗಿ ಇಂಗ್ಲಿಷ್ ಪಾಠ ಹೇಳಿದವನು ನಾನು. ನನ್ನ ಕೆಂಪು ಶಾಯಿಗೆ ಸಿಕ್ಕ ತಪ್ಪುಗಳು ಎಷ್ಟೆಂಬುದು ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರಿಗೆ ಚೆನ್ನಾಗಿ ನೆನಪಿರಬಹುದು. ಇಂದು ಬರೆಯಹೊರಟಿರುವುದು ನನ್ನದೇ ಒಂದು ತಪ್ಪನ್ನು ಕುರಿತು. ವ್ಯಾಕರಣದ ದೃಷ್ಟಿಯಿಂದ ಆ ವಾಕ್ಯದಲ್ಲಿ ಯಾವ ದೋಷವೂ ಇರಲಿಲ್ಲ.

1994ರ ಜೂನ್ ತಿಂಗಳು. ಯಲಹಂಕದ ಕಡೆಯ ಶಾಲೆಯೊಂದರ ಒಂಬತ್ತನೆಯ ತರಗತಿ. ಹೊಸದಾಗಿ ಸೇರಿದ್ದ ಹುಡುಗನೊಬ್ಬನ ತಂದೆ ವಾಯುಪಡೆಯ ನೌಕರರು. ಈಶಾನ್ಯದ ಗುಡ್ಡಗಾಡಿನ ಕಡೆಯವರು. ‘ವಾಟ್ ಈಸ್ ಯುವರ್ ನೇಟಿವ್ ಪ್ಲೇಸ್?’ ಎಂದು ಕೇಳಿದೆ. ‘ಬ್ಯಾಂಗಲೋರ್, ಸರ್’ ಎಂದ. ‘ನೋ, ನೋ. ಯುವರ್ ರಿಯಲ್ ನೇಟಿವ್ ಪ್ಲೇಸ್?’ ಎಂದೆ. ತರಗತಿ ನಕ್ಕಿತು. ಹುಡುಗ ತಲೆ ತಗ್ಗಿಸಿ, ನಾನು ಕೇಳಿಯೇ ಇರದಿದ್ದ ಊರೊಂದರ ಹೆಸರು ಹೇಳಿದ. ಆ ಸಂಜೆ ದಾಖಲಾತಿ ಪುಸ್ತಕ ತೆರೆದಾಗ ಹುಟ್ಟಿದ ಸ್ಥಳದ ಅಂಕಣದಲ್ಲಿ ಕಂಡದ್ದು ‘ಬೆಂಗಳೂರು’. ಹುಡುಗ ಕೊಟ್ಟ ಮೊದಲ ಉತ್ತರವೇ ಸರಿಯಾಗಿತ್ತು.

ನೇಟಿವ್ ಪದದ ಮೂಲ ಲ್ಯಾಟಿನ್ ಭಾಷೆಯ ‘ಹುಟ್ಟು’ ಎಂಬ ಧಾತು. ನಮ್ಮ ‘ಹುಟ್ಟೂರು’ ಅದಕ್ಕೆ ತೀರ ಹತ್ತಿರದ ಮಾತು. ಆದರೆ ಆ ಪದ ಈ ದೇಶಕ್ಕೆ ಬಂದದ್ದು ಆಳುವವರ ಬಾಯಲ್ಲಿ. ಕಂಪನಿಯ ಸೈನ್ಯದಲ್ಲಿ ನಮ್ಮವರ ಪಡೆಗಳು ‘ನೇಟಿವ್ ಇನ್‌ಫೆಂಟ್ರಿ’ ಎನಿಸಿದ್ದವು. 1885ರಲ್ಲಿ ಪಡೆಗಳ ಹೆಸರಿನಿಂದ ಆ ಪದವನ್ನು ಕೈಬಿಟ್ಟರು. ನಮ್ಮ ಮೈಸೂರು ಒಂದು ‘ನೇಟಿವ್ ಸ್ಟೇಟ್’. 1809ರಲ್ಲಿ ಸ್ಥಾಪಿತವಾದ ಬೆಂಗಳೂರಿನ ದಂಡು, 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿ ಒಪ್ಪಿಸಿದ ಮೇಲೂ, 1947ರ ವರೆಗೆ ಬ್ರಿಟಿಷರ ವಶದಲ್ಲೇ ಉಳಿಯಿತು. ಪೇಟೆಯವರು ‘ನೇಟಿವ್’ಗಳು, ಸಮುದ್ರ ದಾಟಿ ಬಂದವರು ದೊರೆಗಳು. ಈ ಮಣ್ಣಿನಲ್ಲಿ ಹುಟ್ಟಿದ್ದೇ ಆಗ ಒಂದು ಕೊರತೆ!

ದೊರೆಗಳು ಹೋದರು, ಪದ ಉಳಿಯಿತು. ನಾವು ‘ಸ್ವಂತ ಊರು’ ಎಂಬುದಕ್ಕೆ ‘ನೇಟಿವ್ ಪ್ಲೇಸ್’ ಎಂದೆವು, ಕ್ರಮೇಣ ಬರಿಯ ‘ನೇಟಿವ್’ ಎಂದೆವು. ಹುಟ್ಟಿನ ಅರ್ಥ ಅದರಿಂದ ಕಳಚಿಹೋಯಿತು. ಆರ್.ಟಿ. ನಗರದಲ್ಲೇ ಹುಟ್ಟಿ ಬೆಳೆದ ಮಗುವೂ ನೇಟಿವ್ ಯಾವುದೆಂದರೆ ಅಜ್ಜನ ಹಳ್ಳಿಯ ಹೆಸರು ಹೇಳುತ್ತದೆ. ಹಿಂದೆ ಹುಟ್ಟಿನಿಂದಾಗಿ ಕೀಳೆನಿಸುತ್ತಿದ್ದ ಪದ ಈಗ ಹುಟ್ಟಿದ್ದರೂ ಸಾಲದು ಎನ್ನುತ್ತದೆ. ‘ನಿಮ್ಮ ಊರು ಯಾವುದು?’ ಎಂದು ನಮ್ಮ ಹಿರಿಯರೂ ಕೇಳುತ್ತಿದ್ದರು. ಎಲ್ಲಾದರೂ ನೆಂಟಸ್ತಿಕೆಯ ಎಳೆ ಸಿಕ್ಕೀತೆಂಬ ಆಸೆ ಅದರಲ್ಲಿತ್ತು. ಜಾತಿ ಯಾವುದೆಂದು ತಿಳಿಯುವ ಹಂಚಿಕೆಯೂ ಇತ್ತು. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಪರದೇಶಿ ಎಂದರೆ ಬೇರೆ ದೇಶದವನು ಎಂದಷ್ಟೇ ಅರ್ಥ. ಅದನ್ನು ದಿಕ್ಕಿಲ್ಲದವನೆಂದು ಬೈಗುಳವಾಗಿಸಿದವರು ನಾವೇ.

ಒಳಗಿನವರು, ಹೊರಗಿನವರು ಎಂಬ ಜಗಳ ಈ ನಾಡಿಗೆ ಹೊಸತಲ್ಲ. ರಂಗಾಚಾರ್ಲು, ಶೇಷಾದ್ರಿ ಅಯ್ಯರ್ ಮೊದಲಾದ ದಿವಾನರು ಮದರಾಸು ಪ್ರಾಂತ್ಯದಿಂದ ಬಂದವರು. ಆ ಕಾಲದಲ್ಲಿ ಮೈಸೂರು ಮೈಸೂರಿನವರಿಗೆ ಎಂಬ ಕೂಗೆದ್ದಿತ್ತು. ಅರ್ಹರಾದ ಸ್ಥಳೀಯರಿದ್ದೂ ಹುದ್ದೆಗಳು ಪರಸ್ಥಳದವರ ಪಾಲಾದರೆ ನೋವಾಗುವುದು ಸಹಜವೇ. ಆದರೆ ವಿಶ್ವೇಶ್ವರಯ್ಯನವರನ್ನು ನೋಡಿ. ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ, ಹೆಸರಿನ ಮುಂದಿರುವ ಮೋಕ್ಷಗುಂಡಂ ಇರುವುದು ಆಂಧ್ರದಲ್ಲಿ. ಅವರ ‘ರಿಯಲ್ ನೇಟಿವ್’ ಯಾವುದೆಂದು ನಾವು ಕೆದಕುವುದಿಲ್ಲ. ಯಲಹಂಕ ನಾಡಪ್ರಭುಗಳ ವಂಶದ ಹಿರಿಯರೇ ಕಂಚಿಯ ಕಡೆಯಿಂದ ಹೊರಟು ದೇವನಹಳ್ಳಿ ಬಳಿಯ ಆವತಿಗೆ ಬಂದು ನೆಲೆಸಿದರೆಂದು ಐತಿಹ್ಯವಿದೆ. ಆ ಮನೆತನದಲ್ಲಿ ಹುಟ್ಟಿದ ಕೆಂಪೇಗೌಡರು ಕಟ್ಟಿಸಿದ ಊರಿನಲ್ಲಿ ನಿಂತು ನಾನು ಆ ಹುಡುಗನನ್ನು ಪ್ರಶ್ನಿಸಿದ್ದೆ.

ಈಚೆಗೆ ಇನ್ನೊಂದು ಪದ ಕಿವಿಗೆ ಬೀಳುತ್ತಿದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಹೆಬ್ಬಾಳದಿಂದ ಉತ್ತರಕ್ಕೆ ಬಹುಮಹಡಿ ವಸತಿಗಳು ಸಾಲುಗಟ್ಟಿದವು. ಅಂಥ ಒಂದು ಕಡೆ ಹೊಸದಾಗಿ ಬಂದ ಗೃಹಸ್ಥರೊಬ್ಬರು ನನ್ನನ್ನು ‘ಆರ್ ಯೂ ಎ ಲೋಕಲ್?’ ಎಂದು ಕೇಳಿದರು. ಅಂಗಡಿಯಲ್ಲಿ ‘ಲೋಕಲ್ ಮಾಲು’ ಎಂದರೆ ಕಳಪೆ ಎಂದು ತಿಳಿದಿದ್ದ ನನಗೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಹುಟ್ಟಿದ ಊರಿನಲ್ಲೇ ನಾನು ಒಂದು ಬಗೆಯ ಸರಕಾಗಿದ್ದೆ. ಆ ಹುಡುಗನ ನೆನಪು ಮತ್ತೆ ಬಂತು.

2012ರ ಆಗಸ್ಟಿನಲ್ಲಿ, ಅಸ್ಸಾಮಿನ ಗಲಭೆಯ ಬೆನ್ನಿಗೆ, ಈಶಾನ್ಯದವರ ಮೇಲೆ ದಾಳಿಯಾಗಲಿದೆಯೆಂಬ ವದಂತಿ ಮೊಬೈಲುಗಳಲ್ಲಿ ಹರಿದಾಡಿತು. ಸಾವಿರಾರು ಜನ ಗಂಟುಮೂಟೆ ಹೊತ್ತು ರೈಲು ನಿಲ್ದಾಣದಲ್ಲಿ ಗುವಾಹಾಟಿಯ ಗಾಡಿಗಾಗಿ ಕಾದಿದ್ದರು. ಆ ಚಿತ್ರಗಳನ್ನು ಕಂಡು, ಹಳೆಯ ವಿದ್ಯಾರ್ಥಿಯೊಬ್ಬನಿಂದ ದೂರವಾಣಿ ಸಂಖ್ಯೆ ಪಡೆದು ಆ ಹುಡುಗನಿಗೆ ಕರೆ ಮಾಡಿದೆ. ತಂದೆಯ ನಿವೃತ್ತಿಯ ಬಳಿಕವೂ ಅವರ ಸಂಸಾರ ಇಲ್ಲೇ ಉಳಿದಿತ್ತು.

‘ಎಲ್ಲಿದ್ದೀಯಪ್ಪಾ?’

‘ಯಲಹಂಕದಲ್ಲೇ ಇದ್ದೀನಿ ಸಾರ್. ಎಲ್ಲರೂ ಊರಿಗೆ ಹೋಗು ಅಂತಿದ್ದಾರೆ. ಯಾವ ಊರಿಗೆ ಹೋಗಲಿ ಸಾರ್?’

1994ರ ಆ ಪ್ರಶ್ನೆಗೆ ಕ್ಷಮೆ ಕೇಳಬೇಕೆಂದುಕೊಂಡಿದ್ದೆ. ಮಾತು ಹೊರಡಲಿಲ್ಲ. ‘ನಾಳೆ ಮಧ್ಯಾಹ್ನ ಊಟಕ್ಕೆ ಬಾ’ ಎಂದಷ್ಟೇ ಅಂದೆ. ಬಂದ. ನನ್ನವಳು ಸೊಪ್ಪಿನ ಹುಳಿ ಬಡಿಸುತ್ತಿದ್ದಾಗ ಪಕ್ಕದ ಮನೆಯವರು ಪತ್ರಿಕೆ ಕೇಳಿಕೊಂಡು ಒಳಬಂದರು. ಅವನ ಮುಖ ನೋಡಿ, ನಗುತ್ತಲೇ, ‘ವೇರ್ ಆರ್ ಯೂ ಫ್ರಮ್?’ ಎಂದರು. ಅವನು ತುತ್ತು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ನನ್ನ ಕಡೆ ನೋಡಿದ.

‘ಇವನು ಯಲಹಂಕದವನು’ ಎಂದೆ.

ಅವರು ಇನ್ನೇನೋ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹುಡುಗ ‘ಅಮ್ಮಾ, ಇನ್ನೊಂದು ಸೌಟು ಹುಳಿ’ ಎಂದ.